ರೋಗಿಯ ಹಾಸಿಗೆಯೇ ಬಲಿಪೀಠ
(ಸಂತ ಕಮಿಲ್ಲಸರ ಹಬ್ಬದ ಪ್ರಬೋಧನೆ, ಜುಲೈ 14)



ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಒಂದು ಭಾನುವಾರ. ಬಲಿಪೂಜೆ ಮುಗಿದ ನಂತರ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. "ಇವಳಿಗೆ ಡಾಕ್ಟರ್ ಸೀಟು ಸಿಗಲಿಲ್ಲ ಫಾದರ್. ಇನ್ನೇನು ಮಾಡೋದು, ನರ್ಸಿಂಗಿಗೆ ಹಾಕ್ತಿದ್ದೇವೆ. ಆಶೀರ್ವಾದ ಮಾಡಿ" ಎಂದರು. ಮಗಳು ತಲೆ ತಗ್ಗಿಸಿದಳು. ನಾನು ಆಶೀರ್ವದಿಸಿ ಕಳುಹಿಸಿದೆ. ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. ದಾದಿಯರ ಪಾಲಕ ಸಂತರ ಈ ಹಬ್ಬದಲ್ಲಿ ಅದನ್ನು ಹೇಳುತ್ತೇನೆ.

1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಕಮಿಲ್ಲಸರು ಸೈನಿಕರಾಗಿದ್ದರು, ಜೂಜುಕೋರರಾಗಿದ್ದರು. ಕಾಲಿನ ಹುಣ್ಣು ವಾಸಿಯಾಗದೆ ರೋಮಿನ ಆಸ್ಪತ್ರೆಯೊಂದಕ್ಕೆ ಸೇರಿದರು. ಅಲ್ಲಿಯೇ ಕೆಲಸಕ್ಕೂ ನಿಂತರು. ಇಸ್ಪೀಟಿನ ಚಟದಿಂದ ಆ ಕೆಲಸವನ್ನೂ ಕಳೆದುಕೊಂಡರು. 1575ರಲ್ಲಿ ಮನಪರಿವರ್ತನೆ ಹೊಂದಿ ಅದೇ ಆಸ್ಪತ್ರೆಗೆ ಮರಳಿದರು. ಕೂಲಿಗಾಗಿ ದುಡಿಯುತ್ತಿದ್ದ ಸೇವಕರು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ಅವರ ಮನಸ್ಸು ಮರುಗಿತು. ಪ್ರೀತಿಯಿಂದ ಶುಶ್ರೂಷೆ ಮಾಡುವವರ ಸಂಘವನ್ನು ಕಟ್ಟಿದರು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿದ ಈ ಸೇವಕರು ಪ್ಲೇಗ್ ಪೀಡಿತರ ನಡುವೆಯೂ ನಿಂತರು. 1930ರಲ್ಲಿ ಜಗದ್ಗುರು ಹನ್ನೊಂದನೇ ಭಕ್ತಿನಾಥರು ಕಮಿಲ್ಲಸರನ್ನು ದಾದಿಯರ ಪಾಲಕರೆಂದು ಘೋಷಿಸಿದರು.

ರೋಗಿಯಲ್ಲಿ ಅವರು ಕಂಡದ್ದು ಕ್ರಿಸ್ತಪ್ರಭುವನ್ನೇ. ಕಾಯಿಲೆಯಲ್ಲಿದ್ದವರನ್ನು ನೋಡಿಕೊಂಡದ್ದು ನನ್ನನ್ನೇ ನೋಡಿಕೊಂಡಂತೆ ಎಂಬ ಪ್ರಭುವಿನ ಬೋಧನೆಯನ್ನು ಅವರು ಅಕ್ಷರಶಃ ನಂಬಿದರು. ಆದರೆ ಪ್ರೀತಿ ಒಂದೇ ಸಾಕೆಂದು ಅವರು ಸುಮ್ಮನಿರಲಿಲ್ಲ. ವಾರ್ಡಿನಲ್ಲಿ ಗಾಳಿ ಆಡಬೇಕು, ರೋಗಕ್ಕೆ ತಕ್ಕ ಪಥ್ಯ ಕೊಡಬೇಕು, ಅಂಟುರೋಗಿಗಳನ್ನು ಬೇರೆ ಇಡಬೇಕು ಎಂದು ಪಟ್ಟು ಹಿಡಿದರು. ಗುರುಪಟ್ಟಕ್ಕೆ ಬೇಕಾದ ವಿದ್ಯೆಗಾಗಿ ಮೂವತ್ತು ದಾಟಿದ ಮೇಲೂ ಹುಡುಗರೊಡನೆ ತರಗತಿಯಲ್ಲಿ ಕುಳಿತರು. ಪ್ರೀತಿಗೆ ವಿದ್ಯೆಯೂ ಬೇಕು, ಸಹೋದರರೇ.

ಅದಕ್ಕೇ ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ, ಜಿ.ಎನ್.ಎಂ.ಗೆ ಮೂರು ವರ್ಷದ ಓದು. ಶರೀರ ರಚನೆ, ಔಷಧ ಶಾಸ್ತ್ರ, ಮಾನಸಿಕ ಆರೋಗ್ಯ, ಹೆರಿಗೆ ಆರೈಕೆ, ಜೊತೆಗೆ ವಾರ್ಡಿನ ದುಡಿಮೆ. ಔಷಧದ ಪ್ರಮಾಣದಲ್ಲಿ ಒಂದು ಬಿಂದು ಆಚೀಚೆಯಾದರೆ ಜೀವಕ್ಕೇ ಅಪಾಯ. ಇದು ಸೋತವರಿಗೆ ಮಿಕ್ಕ ಓದಲ್ಲ.

ತಂದೆತಾಯಿಯರೇ, ಹಣ ಕಟ್ಟುವ ಮುನ್ನ ವಿಚಾರಿಸಿರಿ. ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ? ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಲಾಗದು. ನೋಂದಣಿ ಇಲ್ಲದೆ ವೃತ್ತಿ ಮಾಡಲಾಗದು. ಕಲಿಯಲು ಕಾಲೇಜಿನ ಬಳಿ ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ಹೋಗಿ ನೋಡಿರಿ. ಮೂಲ ಅಂಕಪಟ್ಟಿಗಳನ್ನು ಏಜೆಂಟರ ಕೈಗೆ ಕೊಡಬೇಡಿರಿ. ನಾಲ್ಕು ವರ್ಷದ ಶುಲ್ಕವನ್ನು ಬರಹದಲ್ಲಿ ಕೇಳಿರಿ. ಮಗಳನ್ನು ಓದಿಗೆ ಕಳುಹಿಸುವಾಗಲೇ ಅವಳ ವಿದೇಶದ ಸಂಬಳವನ್ನು ಲೆಕ್ಕ ಹಾಕಬೇಡಿರಿ. ದೂರ ಹೋಗಿ ದುಡಿಯುವುದು ತಪ್ಪಲ್ಲ, ಮಗಳನ್ನು ಮನೆಯ ಸಾಲಕ್ಕೆ ಒತ್ತೆ ಇಡುವುದು ತಪ್ಪು. ಗಂಡುಮಕ್ಕಳಿಗೆ ಇದು ತಕ್ಕ ಕೆಲಸವಲ್ಲ ಎನ್ನುವವರು ಈ ಹಬ್ಬದ ಸಂತರು ಯಾರೆಂದು ನೆನೆಯಲಿ.

ಧರ್ಮಸಭೆಗೂ ಇಲ್ಲಿ ಕರ್ತವ್ಯವಿದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಸೇವೆ, 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಾ ಆಸ್ಪತ್ರೆ ಆರಂಭವಾದವು. ಆ ಪರಂಪರೆಯ ಬಗ್ಗೆ ಹೆಮ್ಮೆ ಪಡುವ ನಾವು ಒಂದನ್ನು ಮರೆಯಬಾರದು: ಸೇವೆ ಎಂಬ ಪವಿತ್ರ ಪದವನ್ನು ಮುಂದಿಟ್ಟು ದಾದಿಯರಿಗೆ ಕಡಿಮೆ ಕೂಲಿ ಕೊಡುವುದು ನ್ಯಾಯವಲ್ಲ.

ಅಭ್ಯಂಗ ಸಂಸ್ಕಾರ ನೀಡಲು ನಾನು ರಾತ್ರಿ ಆಸ್ಪತ್ರೆಗೆ ಹೋಗುವುದುಂಟು. ಕಾಲು ಗಂಟೆ ಪ್ರಾರ್ಥಿಸಿ ಹಿಂದಿರುಗುತ್ತೇನೆ. ರೋಗಿಯ ಮಗ್ಗುಲು ಬದಲಿಸುತ್ತಾ, ತುಟಿಗೆ ನೀರು ಮುಟ್ಟಿಸುತ್ತಾ ಬೆಳಗಿನವರೆಗೆ ಉಳಿಯುವವಳು ದಾದಿ. ಆ ಹಾಸಿಗೆಯೂ ಒಂದು ಬಲಿಪೀಠ.

ಮಗಳೇ, ಅಂದು ನೀನು ತಲೆ ತಗ್ಗಿಸಬೇಕಾಗಿರಲಿಲ್ಲ. ಚೆನ್ನಾಗಿ ಓದು. ಕ್ರಿಸ್ತಪ್ರಭು ನಿನಗಾಗಿ ವಾರ್ಡಿನಲ್ಲಿ ಕಾಯುತ್ತಿದ್ದಾರೆ. ಸಂತ ಕಮಿಲ್ಲಸರು ನಿನಗಾಗಿಯೂ ಎಲ್ಲ ದಾದಿಯರಿಗಾಗಿಯೂ ಪ್ರಾರ್ಥಿಸಲಿ. ಆಮೆನ್.