ಪರರ ಮನೆಯಲ್ಲಿ ಕಲಿತ ಮಾತು

(ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ವಾಚನಾಲಯದಲ್ಲಿ ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸಿಡುವುದು, ರಾತ್ರಿ ಕಿಟಕಿ ಮುಚ್ಚಿ ಬೀಗ ಹಾಕುವುದು ನನ್ನ ಪಾಲಿಗೆ ಬಂದ ಸೇವೆ. ಭಾಷಣ ಮಾಡಿ ನನಗೆ ರೂಢಿಯಿಲ್ಲ. ಹತ್ತನೆಯ ತರಗತಿಯವರೆಗೆ ಓದಿ, ಬೇಳೆಯ ಗಿರಣಿಯೊಂದರಲ್ಲಿ ಗುಮಾಸ್ತನಾಗಿರುವವನು ನಾನು. "ನೀನು ತೆಲುಗು ಕಲಿತ ಕಥೆಯನ್ನೇ ಹೇಳು, ಸಾಕು" ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ಎದ್ದು ನಿಂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಕೊನೆಗೆ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆಯನ್ನೂ ಇಡುವವನಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಜೇವರ್ಗಿ ಕಡೆಯವನು. 2012ನೆಯ ಇಸವಿಯ ಜೂನ್ ತಿಂಗಳಲ್ಲಿ ಹೈದರಾಬಾದಿಗೆ ಬಂದೆ. ಗಿರಣಿ ಕಾಟೇದಾನಿನಲ್ಲಿ. ಅಲ್ಲಿ ಹಮಾಲರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಆಡುವುದು ಈ ಊರಿನ ಹಿಂದಿ. "ಹೌ", "ನಕ್ಕೋ" ಎರಡು ಬಂದರೆ ಯಾರಾದರೂ ಹತ್ತು ವರ್ಷ ತಳ್ಳಬಹುದು. ಆದರೆ ತಾಂಡೂರು, ಜಹೀರಾಬಾದ್ ಕಡೆಯ ರೈತರು ತರುವ ಚೀಟಿಗಳೆಲ್ಲ ತೆಲುಗಿನಲ್ಲಿ. ನಮ್ಮ ತೊಗರಿ ಅವರಿಗೆ ಕಂದಿ, ಮಾರ್ವಾಡಿ ವ್ಯಾಪಾರಿಗೆ ತುವರ್. ಕಾಳು ಒಂದೇ, ಹೆಸರು ಮೂರು. ಮುನೀಮರು ನೇರವಾಗಿ ಹೇಳಿದರು: "ಮೂರು ತಿಂಗಳಲ್ಲಿ ತೆಲುಗು ಓದಲು ಬರೆಯಲು ಬಂದರೆ ಲೆಕ್ಕದ ಮೇಜು. ಬಾರದಿದ್ದರೆ ಗೇಟಿನ ಹತ್ತಿರ ಚೀಲ ಎಣಿಸುತ್ತಿರು." ಊರಿನಲ್ಲಿ ಅಕ್ಕನ ಮದುವೆಯ ಸಾಲವಿತ್ತು. ಮೇಜಿಗೂ ಗೇಟಿಗೂ ಪಗಾರದಲ್ಲಿ ಎರಡು ಸಾವಿರ ರೂಪಾಯಿಯ ಅಂತರವಿತ್ತು. ಹೀಗೆ ನಾನು ಹೊಟ್ಟೆಪಾಡಿಗಾಗಿ ಭಾಷೆಯ ವಿದ್ಯಾರ್ಥಿಯಾದೆ.

ಶಿವರಾಂಪಲ್ಲಿಯಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಒಂಟಿ ಕೋಣೆ ಸಿಕ್ಕಿತು. ಕೆಳಗೆ ಒಬ್ಬ ಮುದುಕಿ, ಆರ್‌ಟಿಸಿ ಬಸ್ಸು ನಡೆಸುವ ಮಗ, ಸೊಸೆ, ಮೂರನೆಯ ತರಗತಿಯಲ್ಲಿದ್ದ ಮೊಮ್ಮಗ. ಬಾಡಿಗೆಯ ಜೊತೆಗೆ ಊಟಕ್ಕೂ ತಿಂಗಳಿಗಿಷ್ಟು ಎಂದು ಒಪ್ಪಂದ. ಆ ಮುದುಕಿಯನ್ನು ಏನೆಂದು ಕರೆಯಬೇಕೋ ಎಂದು ತಡವರಿಸುತ್ತಿದ್ದೆ. ಮಗನು ತಾಯಿಯನ್ನು "ಅವ್ವಾ" ಎಂದು ಕೂಗಿದ್ದು ಕೇಳಿಸಿತು. ನಮ್ಮ ಮಾತೇ! ಆ ಮನೆಯಲ್ಲಿ ಕಲಿಯದೆ ಬಂದ ಮಾತು ಅದೊಂದೇ. ಉಳಿದುದಕ್ಕೆಲ್ಲ ಬೆಲೆ ತೆರಬೇಕಾಯಿತು.

ಮೊದಲನೆಯ ಬೆಲೆ ಹಸಿವು. ಅವ್ವ ಬಡಿಸುತ್ತಾ "ಚಾಲಾ ಬಿಡ್ಡಾ?" ಎಂದು ಕೇಳುತ್ತಿದ್ದರು. ಅಂಗಡಿ ಚಾಲೂ, ಮಿಷಿನ್ ಚಾಲೂ ಎನ್ನುವವರಲ್ಲವೆ ನಾವು? "ಬಡಿಸುವುದು ಚಾಲೂ ಇರಲೇ?" ಎಂದು ಕೇಳುತ್ತಿದ್ದಾರೆಂದು ತಿಳಿದು ನಾನು ಜೋರಾಗಿ ತಲೆ ಆಡಿಸುವುದು, ಅವರು ಅನ್ನದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋಗುವುದು! ತೆಲುಗಿನಲ್ಲಿ ಚಾಲು ಎಂದರೆ ಸಾಕು. ಒಂದು ವಾರ ಅರ್ಧ ಹೊಟ್ಟೆಯಲ್ಲೇ ಎದ್ದೆ. ಹುಡುಗ ಮಿತಾಹಾರಿ ಎಂದು ಅವ್ವ ನೆರೆಮನೆಯವರ ಮುಂದೆ ಹೊಗಳಿದರಂತೆ.

ಇನ್ನೊಂದು ದಿನ ಬೆಳಿಗ್ಗೆ "ಪಾಲು ಕಾವಾಲ್ನಾ?" ಎಂದರು. ಮನೆ ಖರ್ಚಿನಲ್ಲಿ ನನ್ನ ಪಾಲು ಕೇಳುತ್ತಿದ್ದಾರೆಂದು ಹೆದರಿ, "ಪಗಾರ ಆದ ಕೂಡಲೆ ಕೊಡುತ್ತೇನೆ" ಎಂದು ಹಿಂದಿಯಲ್ಲಿ ಕೈಮುಗಿದೆ. ಅವರು ನಗುತ್ತಾ ಹಾಲಿನ ಲೋಟ ತಂದು ಮುಂದಿಟ್ಟರು. ಬಹಳ ದಿನಗಳ ಮೇಲೆ ಇದೇ ವಾಚನಾಲಯದಲ್ಲಿ ಒಬ್ಬ ಹಿರಿಯರಿಗೆ ಈ ಕಥೆ ಹೇಳಿದಾಗ ಅವರೆಂದರು: "ಅದು ನಮ್ಮ ಹಳಗನ್ನಡವೇ. ಹಾಲು ಹಿಂದೆ ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಹಂದಿ ಪಂದಿಯಾಗಿತ್ತು. ನಾವು ಪಕಾರವನ್ನು ಹಕಾರ ಮಾಡಿಕೊಂಡೆವು, ಅವರು ಹಾಗೆಯೇ ಇಟ್ಟುಕೊಂಡರು." ಜರ್ಮನಿಯಿಂದ 1853ರಲ್ಲಿ ಬಂದು ನಮ್ಮ ಭಾಷೆ ಕಲಿತು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟ್ಟೆಲರು ನಮ್ಮ ಪದಗಳ ಪಕ್ಕದಲ್ಲಿ ತೆಲುಗು, ತಮಿಳು, ಮಲಯಾಳ, ತುಳು ಪದಗಳನ್ನೂ ಕೊಟ್ಟಿದ್ದಾರೆ. ಕಡಲಾಚೆಯಿಂದ ಬಂದವರಿಗೆ ಕಂಡ ನೆಂಟಸ್ತನ, ಒಂದು ರಾತ್ರಿಯ ಬಸ್ಸಿನಲ್ಲಿ ಬಂದ ನನಗೆ ಕಂಡಿರಲಿಲ್ಲ.

ಅಕ್ಷರ ಕಲಿಸಿದ ಗುರು ಆ ಮೂರನೆಯ ತರಗತಿಯ ಹುಡುಗ. ಕನ್ನಡದ ಲಿಪಿ, ತೆಲುಗಿನ ಲಿಪಿ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಹದಿನೈದು ದಿನದಲ್ಲಿ ಓದಲು ಬಂತು. ಬರೆಯುವಾಗ ಮಾತ್ರ ಕೈ ನಮ್ಮ ತಲಕಟ್ಟನ್ನೇ ಎಳೆಯುತ್ತಿತ್ತು. ಗುರುಗಳು ಸ್ಕೇಲಿನಿಂದ ಬೆರಳಿಗೆ ಒಂದು ಕೊಡುತ್ತಿದ್ದರು. ನಾನು ಇಪ್ಪತ್ತೆರಡು ವರ್ಷದವನು, ಅವರು ಎಂಟು ವರ್ಷದವರು. ಆ ಪೆಟ್ಟಿಗೆ ಇಂದಿಗೂ ಋಣಿ.

ಆದರೆ ನಿಜವಾದ ಪಾಠ ಪುಸ್ತಕದಲ್ಲಿರಲಿಲ್ಲ. ನಸುಕಿನಲ್ಲಿ ನಲ್ಲಿಗೆ ನೀರು ಬಂದಾಗ "ನೀಳ್ಳೊಚ್ಚಿನಯ್!" ಎಂದು ಓಣಿಯೆಲ್ಲ ಕೂಗು ಏಳುತ್ತಿತ್ತು. ಕೊಡ ಹಿಡಿದು ಓಡುತ್ತಿದ್ದೆ. ಈ ಊರು ಕುಡಿಯುವ ನೀರಿನಲ್ಲಿ ನಮ್ಮ ಬೀದರ ಜಿಲ್ಲೆಯನ್ನು ದಾಟಿ ಬರುವ ಮಂಜೀರೆಯೂ ಇದೆ, ರಾಯಚೂರಿನ ಮಗ್ಗುಲಲ್ಲಿ ಹರಿದು ಬರುವ ಕೃಷ್ಣೆಯೂ ಇದೆ. ನೀರಿನ ಸಾಲಿನಲ್ಲಿ ಕಲಿತ ತೆಲುಗು ಯಾವ ಶಾಲೆಯಲ್ಲಿಯೂ ಸಿಕ್ಕುವುದಿಲ್ಲ. ಯಾರನ್ನು ಹೇಗೆ ಕರೆಯಬೇಕು, ಹೇಗೆ ಜಗಳವಾಡಬೇಕು, ಜಗಳವಾದ ಮೇಲೆ ಹೇಗೆ ಮಾತಾಡಿಸಬೇಕು, ಎಲ್ಲ ಅಲ್ಲೇ ಬಂತು. "ಬನ್ನಿ" ಎನ್ನಲು ತೆಲುಗಿನಲ್ಲಿರುವ ಗೌರವದ ಮಾತು ನಮ್ಮ ಕಿವಿಗೆ ಹೇಗೆ ಕೇಳಿಸುತ್ತದೆಂಬುದು ನಿಮಗೆಲ್ಲ ಗೊತ್ತೇ ಇದೆ. ತಾಯಂದಿರು ಕುಳಿತಿರುವುದರಿಂದ ಅದನ್ನು ಇಲ್ಲಿ ಉಚ್ಚರಿಸುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ "ನಾವು" ಒಂದೇ. ತೆಲುಗಿನಲ್ಲಿ ಎರಡು. ಮಾತು ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ "ಮನಮು", ಅವನನ್ನು ಹೊರಗಿಟ್ಟರೆ "ಮೇಮು". ಹಾಗೆಯೇ "ಮನ ಇಲ್ಲು" ಎಂದರೆ ನಿನ್ನದೂ ನನ್ನದೂ ಆದ ಮನೆ. "ಮಾ ಇಲ್ಲು" ಎಂದರೆ ನಮ್ಮದು, ನಿನ್ನದಲ್ಲ. ಬೀದರ ಕಡೆಯವರಿಗೆ ಮರಾಠಿಯ "ಆಪಣ", "ಆಮ್ಹೀ" ಗೊತ್ತು, ಅದೇ ಭೇದ. ನಾನು ಚಪ್ಪಲಿ ಹಾಕಿಕೊಂಡು ಒಳಗೆ ಬಂದೆನೆಂದರೆ, ಉಂಡ ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆನೆಂದರೆ, ಅವ್ವ "ಮಾ ಇಂಟ್ಲ ಗಿಟ್ಲ ಚೆಯ್ಯೊದ್ದು" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹೀಗೆ ಮಾಡಬೇಡ. ಮೊದಲು ನನಗೆ ಆ "ಮಾ" ತಿಳಿಯಲಿಲ್ಲ. ತಿಳಿದ ಮೇಲೆ ನೋವಾಯಿತು. ಭಾಷೆ ಬಂದಂತೆಲ್ಲ ನೋವೂ ತಿಳಿಯುತ್ತದೆ.

ಆ ವರ್ಷದ ಬತುಕಮ್ಮ ಹಬ್ಬ ಬಂತು. ಒಂಬತ್ತು ದಿನ ಹೂವು ಪೇರಿಸಿ ಹೆಂಗಸರು ಸುತ್ತ ಹಾಡುವ ಹಬ್ಬ. ಅದಕ್ಕೆ ತಂಗೇಡು ಹೂ ಬೇಕೇ ಬೇಕು. ನಮ್ಮ ಕಡೆ ಅದಕ್ಕೆ ತಂಗಡಿ ಎನ್ನುತ್ತೇವೆ. ಪೇಟೆಯಲ್ಲಿ ಬೆಲೆ ಏರಿತ್ತು. ನಾನು ರಜೆಯ ದಿನ ಬಸ್ಸು ಹಿಡಿದು ಊರ ಹೊರಗೆ ಹೋಗಿ, ಬೀಳು ಹೊಲದಿಂದ ಒಂದು ಚೀಲ ತಂಗಡಿ ಹೂ ಬಿಡಿಸಿ ತಂದುಕೊಟ್ಟೆ. ರಾತ್ರಿ ಬತುಕಮ್ಮನನ್ನು ನೀರಿಗೆ ಬಿಟ್ಟು ಬಂದು ಊಟಕ್ಕೆ ಕುಳಿತಾಗ ಅವ್ವ ನನ್ನ ಮುಖ ನೋಡಿ, "ಮನ ಇಂಟ್ಲ ಬತುಕಮ್ಮ ಈಸಾರಿ ಮಂಚಿಗಯ್ಯಿಂದಿ" ಎಂದರು. ಅವರಿಗೆ ಅದರ ಅರಿವೇ ಇರಲಿಲ್ಲ. ನನಗೆ ಮಾತ್ರ ಆ ಅನ್ನ ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತು.

ಮಾರನೆಯ ವರ್ಷ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಜ್ವರ ಹಿಡಿಯಿತು. ಮೈಮೇಲೆ ಎಚ್ಚರವಿರಲಿಲ್ಲ. ಅವ್ವ ಆಟೋದಲ್ಲಿ ಕರೆದುಕೊಂಡು ಹೋದರು. ದವಾಖಾನೆಯ ಮೇಜಿನವರು "ಈಯನ ಮೀಕೇಮೈತಡು?" ಎಂದು ಕೇಳಿದ್ದು ಅರೆಬರೆ ಕೇಳಿಸಿತು. ಇವನು ನಿಮಗೆ ಏನಾಗಬೇಕು? ಅವ್ವ ಅಂದರು: "ಮಾ ಪಿಲ್ಲಗಾಡು." ನಮ್ಮ ಹುಡುಗ. ಮೊದಲ ದಿನಗಳಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದ್ದ ಅದೇ "ಮಾ" ಈಗ ಲೋಕವನ್ನು ಹೊರಗೆ ನಿಲ್ಲಿಸಿ ನನ್ನನ್ನು ಒಳಗೆ ಇಟ್ಟುಕೊಂಡಿತ್ತು. ಇದನ್ನು ವ್ಯಾಕರಣದ ಪುಸ್ತಕ ಒಂದು ಸಾಲಿನಲ್ಲಿ ಹೇಳಬಹುದು. ನನಗೆ ತಿಳಿಯಲು ಒಂದು ವರ್ಷ ಒಂದು ಮನೆಯ ಅನ್ನ ಬೇಕಾಯಿತು.

2015ರಲ್ಲಿ ಮದುವೆಯಾಗಿ ಬೇರೆ ಮನೆ ಮಾಡಿದೆ. ಲೆಕ್ಕದ ಮೇಜು ಅದಕ್ಕೆ ಮುಂಚೆಯೇ ಸಿಕ್ಕಿತ್ತು. ಅವ್ವ 2021ರಲ್ಲಿ ತೀರಿಕೊಂಡರು.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನಲ್ಗೊಂಡ ಜಿಲ್ಲೆಯ ಒಬ್ಬ ತರುಣ ಈ ವಾಚನಾಲಯಕ್ಕೆ ಬಂದ. ಬ್ಯಾಂಕಿನ ನೌಕರಿ ಸಿಕ್ಕಿತ್ತು, ರಾಯಚೂರು ಜಿಲ್ಲೆಗೆ ಹೋಗಬೇಕಿತ್ತು. "ಎರಡು ತಿಂಗಳು ಕನ್ನಡದ ಮನೆಯೊಂದರಲ್ಲಿ ಜಾಗ ಸಿಕ್ಕರೆ ಮಾತು ಕಲಿಯುತ್ತಿದ್ದೆ" ಎಂದ. ನಾನು, "ನಮ್ಮದು ಎರಡೇ ಖೋಲಿ ಮನೆಯಪ್ಪಾ" ಎಂದು ಹೇಳಿ, ದಾಖಲೆ ಪುಸ್ತಕದಲ್ಲಿ ಅವನ ಹೆಸರು, ಫೋನ್ ನಂಬರು ಬರೆಸಿಕೊಂಡು ಕಳಿಸಿಬಿಟ್ಟೆ. ರಾತ್ರಿ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ನಿಮಗ ಜಾಗಾ ಕೊಟ್ಟವರ ಮನ್ಯಾಗ ಎಷ್ಟು ಖೋಲಿ ಇದ್ದವು?" ಮೇಲಿನದೂ ಸೇರಿ ಮೂರು. ನಾನು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಬೇಗ ಬಂದು ಬೀಗ ತೆಗೆದು ಆ ನಂಬರನ್ನು ಹುಡುಕಿದೆ.

ಇರಲು ಜಾಗ ಕೊಡಲಾಗಲಿಲ್ಲ. ಗುರುವಾರದ ರಾತ್ರಿಯ ಊಟಕ್ಕೆ ಕರೆದೆವು. ರೊಟ್ಟಿ, ಪುಂಡಿಪಲ್ಲೆ. ಅವರ ಗೋಂಗೂರವೇ ನಮ್ಮ ಪುಂಡಿ. ಅವನು ಕೈ ಅಡ್ಡ ಹಿಡಿದು "ಚಾಲು, ಚಾಲು" ಎಂದರೆ ನನ್ನ ಹೆಂಡತಿ ಇನ್ನೊಂದು ರೊಟ್ಟಿ ಹಾಕಿಬಿಟ್ಟಳು! ನನ್ನ ಹಳೆಯ ಸಾಲ ಬಡ್ಡಿಸಹಿತ ತೀರಿತು. ನನ್ನ ಮಗಳು ಎರಡನೆಯ ತರಗತಿಯವಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಕಥೆ ಇರಬಹುದು. ಅವಳಿಗೆ ಆ ತರುಣನನ್ನು ತಿದ್ದುವ ಅಧಿಕಾರ ಸಿಕ್ಕಿದ್ದೇ ತಡ, "ಹಂಗಲ್ಲ, ಹಿಂಗ" ಎಂದು ಕನ್ನಡದಲ್ಲಿ ಗದರಿಸಲು ಆರಂಭಿಸಿದಳು. ಅವನನ್ನು ತಿದ್ದಲು ಹೋಗಿ ತನ್ನನ್ನೇ ತಿದ್ದಿಕೊಂಡಳು. ನಾವು ಐದು ವರ್ಷ ಹೇಳಿ ಆಗದ್ದು ಎಂಟು ಗುರುವಾರಗಳಲ್ಲಿ ಆಯಿತು.

ಮಹನೀಯರೆ, ಇದು ಹೊಸ ವಿಚಾರವೇನಲ್ಲ. ನಮ್ಮಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಬಡ ವಿದ್ಯಾರ್ಥಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದ. ಅದರಲ್ಲಿ ಜಾತಿಯ ಗೋಡೆಯೂ ಇತ್ತು. ಗೋಡೆಯನ್ನು ಬಿಟ್ಟು ಅನ್ನವನ್ನಷ್ಟೇ ಉಳಿಸಿಕೊಳ್ಳೋಣ. ಈ ನೆಲಕ್ಕೂ ನಮಗೂ ಇರುವ ನಂಟು ನಿನ್ನೆಯದಲ್ಲ. ಆದಿಕವಿ ಪಂಪ ಆಶ್ರಯ ಪಡೆದದ್ದು ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯಲ್ಲಿ. ಅವನ ತಮ್ಮ ಜಿನವಲ್ಲಭ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ತೆಲುಗು, ಕನ್ನಡ ಮೂರರಲ್ಲಿಯೂ ಬರೆಸಿದ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅಂದು ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ನಮ್ಮ ಜಿಲ್ಲೆಗಳಿಂದ ಬಂದ ಹುಡುಗರು ಆ ಭಾಷೆ ಕಲಿತೇ ಪದವಿ ಪಡೆದರು. ಅವರಿಗೂ ಈ ಊರಿನ ಯಾರೋ ಅನ್ನವಿಕ್ಕಿರಬೇಕು.

ನನ್ನ ಬೇಡಿಕೆ ಇಷ್ಟೇ. ಕನ್ನಡ ಕಲಿಯಬೇಕೆನ್ನುವ ಇನ್ನಿಬ್ಬರು ಹೆಸರು ಕೊಟ್ಟಿದ್ದಾರೆ. ವಾರಕ್ಕೆ ಏಳು ದಿನ. ಗುರುವಾರ ನಮ್ಮದು. ಭಾನುವಾರ, ಸೋಮವಾರಗಳನ್ನು ಇಬ್ಬರು ಸದಸ್ಯರು ಒಪ್ಪಿಕೊಂಡಿದ್ದಾರೆ. ನಾಲ್ಕು ದಿನ ಖಾಲಿ ಇವೆ. ಕರೆದವರಿಗೆ ಅನುಭವದಿಂದ ಎರಡು ಮಾತು ಹೇಳುತ್ತೇನೆ. ಬಂದವನು ತಡವರಿಸಿದ ಕೂಡಲೆ ನೀವು ಹಿಂದಿಗೆ ಹಾರಬೇಡಿ, ಅವನಿಗೆ ಒಂದು ನಿಮಿಷ ಕೊಡಿ. ಅತಿಥಿಯಂತೆ ಕೂರಿಸದೆ ಒಂದು ಕೆಲಸ ಹಚ್ಚಿ: ನೀರು ತರಲಿ, ಕಾಯಿಪಲ್ಲೆ ಸೋಸಲಿ. ಮಾತು ಕೈಕೆಲಸದ ಜೊತೆಗೇ ಬರುತ್ತದೆ. ಊಟಕ್ಕೆ ಹಣ ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ, ನಾನೂ ಕೊಟ್ಟೇ ಉಂಡವನು. ತಿದ್ದುವ ಕೆಲಸ ಮಕ್ಕಳಿಗೆ ಬಿಡಿ.

ನಮ್ಮ ಭಾಷೆಯಲ್ಲಿ "ನಾವು" ಒಂದೇ ಇರುವುದರಿಂದ ಅದರೊಳಗೆ ಯಾರನ್ನು ಸೇರಿಸುತ್ತೇವೆಂಬುದನ್ನು ಮಾತಿನಿಂದ ತಿಳಿಯಲಾಗದು, ನಡತೆಯಿಂದ ತಿಳಿಯಬೇಕು. ವಾರದ ಪಟ್ಟಿಯನ್ನು ಪತ್ರಿಕೆಗಳ ಮೇಜಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ದಾರದಲ್ಲಿ ಪೆನ್ಸಿಲ್ಲನ್ನೂ ಕಟ್ಟಿದ್ದೇನೆ. ಹೋಗುವ ಮುಂಚೆ ದಯವಿಟ್ಟು ನೋಡಬೇಕು. ಇಂದು ಬೀಗ ಹಾಕುವುದು ಸ್ವಲ್ಪ ತಡವಾದರೂ ಚಿಂತೆಯಿಲ್ಲ.