ಮಡಿಲ ಮೇಲಿನ ಗಿಟಾರು: ಒಂದು ಸರಳು, ಹಲವು ಶ್ರುತಿ



ಅಮೆರಿಕದ ಕಂಟ್ರಿ ಸಂಗೀತ ಎಂದ ಕೂಡಲೇ ಅಗಲ ಅಂಚಿನ ಟೊಪ್ಪಿ, ಕುದುರೆ, ದೂಳೆದ್ದ ದಾರಿ ಕಣ್ಣ ಮುಂದೆ ಬರುತ್ತವೆ. ಕಿವಿಗೆ ಮಾತ್ರ ಬೇರೊಂದು ನೆನಪಾಗುತ್ತದೆ. ಹಾಡುಗಾರ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಂದು ತಂತಿ ಅಳುವ ದನಿಯಲ್ಲಿ ಜಾರುತ್ತಾ ಮೇಲೇರುತ್ತದೆ. ಅದು ಸ್ಟೀಲ್ ಗಿಟಾರಿನ ದನಿ. ಈ ದನಿಯಿಲ್ಲದೆ ಕಂಟ್ರಿ ಹಾಡು ಪೂರ್ಣವಾಗದು ಎನ್ನುವವರಿದ್ದಾರೆ. ಆದರೆ ಇದು ಕೌಬಾಯ್‌ಗಳ ನಾಡಿನಲ್ಲಿ ಹುಟ್ಟಿದ್ದಲ್ಲ. ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳಿಂದ ಬಂದದ್ದು. ಹೀಗೆ ಬಂದ ವಾದ್ಯದ ತಂತಿಗಳನ್ನು ಮತ್ತೆ ಮತ್ತೆ ಹೊಸ ಶ್ರುತಿಗೆ ಕೂಡಿಸಬೇಕಾಯಿತು ಏಕೆ? ಆ ಹುಡುಕಾಟದಲ್ಲಿ ಗಳಿಸಿದ್ದೇನು, ಬಿಟ್ಟುಕೊಟ್ಟದ್ದೇನು? ಇದೇ ಇಂದಿನ ವಿಷಯ.

ಮೊದಲು ವಾದ್ಯದ ಪರಿಚಯ. ಸಾಮಾನ್ಯ ಗಿಟಾರನ್ನು ಎದೆಗೊರಗಿಸಿ ಹಿಡಿದು, ಎಡಗೈ ಬೆರಳುಗಳಿಂದ ತಂತಿಯನ್ನು ಮೆಟ್ಟುಗಳ ಮೇಲೆ ಒತ್ತುತ್ತಾರೆ. ಲ್ಯಾಪ್ ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾರೆ. ತಂತಿಗಳು ಎತ್ತರದಲ್ಲಿರುತ್ತವೆ. ಎಡಗೈಯಲ್ಲಿ ಒಂದು ಉಕ್ಕಿನ ಸರಳು. ಅದನ್ನು ತಂತಿಗಳ ಮೇಲೆ ಇಟ್ಟು ಜಾರಿಸುವುದು, ಬಲಗೈಯಿಂದ ಮೀಟುವುದು. ಕೆಳಗಿರುವ ಮೆಟ್ಟುಗಳು ಜಾಗ ತೋರಿಸುವ ಗೆರೆಗಳು ಮಾತ್ರ. ನಮ್ಮ ಗೋಟುವಾದ್ಯವನ್ನು, ಅಂದರೆ ಚಿತ್ರವೀಣೆಯನ್ನು ಕಂಡವರಿಗೆ ಇದು ಹೊಸದೆನಿಸದು. ಮೆಟ್ಟಿಲ್ಲದ ವೀಣೆಯ ಮೇಲೆ ಮರದ ಗೋಟನ್ನು ಜಾರಿಸುವ ಕ್ರಮವೂ ಇಂಥದ್ದೇ.

ಹವಾಯಿಗೆ ಗಿಟಾರು ಬಂದದ್ದು 1830ರ ದಶಕದಲ್ಲಿ. ದನ ಕಾಯುವ ಕೆಲಸ ಕಲಿಸಲೆಂದು ಅಲ್ಲಿಗೆ ಹೋದ ಮೆಕ್ಸಿಕೊ ಗೋವಳರ ಜೊತೆ ಅದೂ ಹೋಯಿತು. ಹವಾಯಿಯ ಜನ ಅದನ್ನು ತಮ್ಮದೇ ರೀತಿಯಲ್ಲಿ ಒಗ್ಗಿಸಿಕೊಂಡರು. ಕೆಲವು ತಂತಿಗಳನ್ನು ಸಡಿಲಿಸಿ, ಬರಿಯ ತಂತಿ ಮೀಟಿದರೂ ಇಂಪಾದ ಸ್ವರಗುಚ್ಛ ಕೇಳುವಂತೆ ಮಾಡಿದರು. ಒಂದೊಂದು ಮನೆತನಕ್ಕೆ ಒಂದೊಂದು ಶ್ರುತಿ. ಅದನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಶ್ರುತಿಯೆಂದರೆ ಮನೆಯ ಆಸ್ತಿ.

ಸರಳು ಜಾರಿಸುವ ಕ್ರಮವನ್ನು ರೂಢಿಗೆ ತಂದ ಕೀರ್ತಿ ಜೋಸೆಫ್ ಕೆಕುಕು ಎಂಬ ಹುಡುಗನಿಗೆ ಸಲ್ಲುತ್ತದೆ. ಈತ 1874ರಲ್ಲಿ ಒವಾಹು ದ್ವೀಪದ ಲಾಯೆ ಎಂಬ ಊರಿನಲ್ಲಿ ಹುಟ್ಟಿದವನು. ರೈಲು ಹಳಿಯ ಬಳಿ ಸಿಕ್ಕ ಕಬ್ಬಿಣದ ಬೋಲ್ಟನ್ನು ತಂತಿಗೆ ತಾಗಿಸಿದಾಗ ಬಂದ ದನಿಯೇ ಇದಕ್ಕೆ ಮೂಲ ಎಂಬ ಕತೆ ಇದೆ. ಭಾರತದಲ್ಲಿ ಹುಟ್ಟಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅದಕ್ಕೂ ಮೊದಲೇ ಹೀಗೆ ನುಡಿಸುತ್ತಿದ್ದ ಎಂಬ ಹೇಳಿಕೆಯೂ ಉಂಟು. ಮೊದಲು ಯಾರೇ ಮಾಡಿರಲಿ, ಪಳಗಿಸಿ ಜಗತ್ತಿಗೆ ಒಯ್ದವನು ಕೆಕುಕು. 1904ರಲ್ಲಿ ಆತ ಅಮೆರಿಕದ ಮುಖ್ಯಭೂಮಿಗೆ ಹೋದ. ಅಷ್ಟರಲ್ಲಿ ಹವಾಯಿಯ ಅರಸೊತ್ತಿಗೆ ಉರುಳಿತ್ತು. 1893ರಲ್ಲಿ ರಾಣಿಯನ್ನು ಕೆಳಗಿಳಿಸಿದರು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ನಾಡು ಕಳೆದುಕೊಂಡ ಜನರ ಸಂಗೀತ, ಗೆದ್ದವರ ಊರುಗಳಲ್ಲಿ ಮನರಂಜನೆಯಾಯಿತು. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಬಳಿಕವಂತೂ ಅಮೆರಿಕದ ಊರೂರಿಗೂ ಹವಾಯಿ ಸಂಗೀತದ ಹುಚ್ಚು ಹಿಡಿಯಿತು.

ಕಂಟ್ರಿ ಸಂಗೀತಕ್ಕೆ ಅದು ನುಸುಳಿದ್ದು ಈ ಹುಚ್ಚಿನ ಕಾಲದಲ್ಲಿ. ಕಂಟ್ರಿ ಹಾಡಿನ ಪಿತಾಮಹರಲ್ಲೊಬ್ಬರಾದ ಜಿಮ್ಮಿ ರಾಜರ್ಸ್ 1929ರಲ್ಲಿ ಹವಾಯಿಯ ಜೋ ಕೈಪೊ ಅವರ ಗಿಟಾರಿನೊಂದಿಗೆ ಹಾಡುಗಳನ್ನು ಧ್ವನಿಮುದ್ರಿಸಿದರು. ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ವಿದ್ಯುತ್ ಗಿಟಾರು 1932ರಲ್ಲಿ ಮಾರುಕಟ್ಟೆಗೆ ಬಂತು. ದುಂಡು ಮೈ, ಉದ್ದ ಹಿಡಿ ಇದ್ದ ಕಾರಣ ಜನ ಅದಕ್ಕೆ 'ಬಾಣಲೆ' ಎಂದೇ ಹೆಸರಿಟ್ಟರು. ಇಂದು ಲೋಕವೆಲ್ಲ ಬಲ್ಲ ಎಲೆಕ್ಟ್ರಿಕ್ ಗಿಟಾರಿನ ವ್ಯಾಪಾರ ಶುರುವಾದದ್ದು ತೊಡೆಯ ಮೇಲೆ ಮಲಗಿಸಿ ನುಡಿಸುವ ಈ ವಾದ್ಯದಿಂದ ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. 1935ರಲ್ಲಿ ಬಾಬ್ ಡನ್ ಇಂಥ ವಿದ್ಯುತ್ ಸ್ಟೀಲನ್ನು ಮಿಲ್ಟನ್ ಬ್ರೌನ್ ತಂಡದೊಡನೆ ನುಡಿಸಿ ಧ್ವನಿಮುದ್ರಿಸಿದರು. ಮರುವರ್ಷ ಲಿಯಾನ್ ಮೆಕಾಲಿಫ್ ನುಡಿಸಿದ 'ಸ್ಟೀಲ್ ಗಿಟಾರ್ ರ್ಯಾಗ್' ಮನೆಮಾತಾಯಿತು. ಅದರ ಬೇರು 1923ರಲ್ಲಿ ಕಪ್ಪು ಕಲಾವಿದ ಸಿಲ್ವೆಸ್ಟರ್ ವೀವರ್ ಧ್ವನಿಮುದ್ರಿಸಿದ್ದ 'ಗಿಟಾರ್ ರ್ಯಾಗ್'ನಲ್ಲಿದೆ. ಹವಾಯಿಯವರ ಕೈಚಳಕ, ಕಪ್ಪು ಜನರ ರಾಗ, ಟೆಕ್ಸಾಸಿನ ಕುಣಿತ, ಮೂರೂ ಬೆರೆತು ಆದದ್ದೇ ಕಂಟ್ರಿ ಸ್ಟೀಲ್.

ಈಗ ಶ್ರುತಿಯ ಪ್ರಶ್ನೆಗೆ ಬರೋಣ. ಎಡಗೈಯಲ್ಲಿ ನಾಲ್ಕು ಬೆರಳಿದ್ದರೆ ನಾಲ್ಕು ತಂತಿಯನ್ನು ನಾಲ್ಕು ಜಾಗದಲ್ಲಿ ಒತ್ತಬಹುದು. ಸರಳು ಇರುವುದು ಒಂದೇ, ಅದೂ ನೆಟ್ಟಗೆ. ಅದನ್ನು ಐದನೆಯ ಮೆಟ್ಟಿನ ಮೇಲಿಟ್ಟರೆ ಎಲ್ಲ ತಂತಿಗಳೂ ಸಮನಾಗಿ ಏರುತ್ತವೆ. ಆದ್ದರಿಂದ ತಂತಿಗಳ ನಡುವೆ ಯಾವ ಸಂಬಂಧವನ್ನು ಮೊದಲೇ ಕೂಡಿಸಿಟ್ಟಿರುತ್ತೇವೋ, ಹಾಡಿನುದ್ದಕ್ಕೂ ಅದೇ ಸಂಬಂಧ ದೊರೆಯುತ್ತದೆ. ಬಿರಡೆ ತಿರುವುವಾಗಲೇ ಅರ್ಧ ಸಂಗೀತ ತೀರ್ಮಾನವಾಗಿರುತ್ತದೆ ಎನ್ನಬಹುದು.

ಪಾಶ್ಚಾತ್ಯ ಸಂಗೀತದಲ್ಲಿ ಹಾಡಿಗೆ ಆಧಾರ ಸ್ವರಗುಚ್ಛ. ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ ನುಡಿದರೆ ಅದು ಮೇಜರ್ ಗುಚ್ಛ. ಗಾಂಧಾರವನ್ನು ಅರ್ಧಸ್ವರ ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಮೈನರ್ ಗುಚ್ಛ. ಮೊದಲನೆಯದು ಬಿಸಿಲು, ಎರಡನೆಯದು ಮೋಡ ಎಂದುಕೊಳ್ಳಿ. ಹಳೆಯ ಸ್ಟೀಲ್ ವಾದಕರು ಆರು ತಂತಿಗಳನ್ನು 'ಸ ಗ ಪ ಸ ಗ ಪ' ಎಂದು ಕೂಡಿಸುತ್ತಿದ್ದರು. ಬ್ಲೂಗ್ರಾಸ್ ತಂಡಗಳ ಡೋಬ್ರೊ ಗಿಟಾರಿಗೆ ಇಂದಿಗೂ ಇದೇ ಶ್ರುತಿ. ಬರಿಯ ತಂತಿ ಮೀಟಿದರೆ ಷಡ್ಜದ ಗುಚ್ಛ, ಐದನೆಯ ಮೆಟ್ಟಿನಲ್ಲಿ ಮಧ್ಯಮದ ಗುಚ್ಛ, ಏಳನೆಯದರಲ್ಲಿ ಪಂಚಮದ ಗುಚ್ಛ. ಸರಳವಾದ ಕಂಟ್ರಿ ಹಾಡಿಗೆ ಈ ಮೂರು ನೆಲೆ ಸಾಕು. ಇನ್ನೊಂದು ಲಾಭವೂ ಇದೆ. ಪಿಯಾನೊದ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಏರಿರುತ್ತದೆ. ಸ್ಟೀಲ್ ವಾದಕ ಅದನ್ನು ಕಿವಿಗೊಪ್ಪುವಂತೆ ಇಳಿಸಿ ಕೂಡಿಸಿಕೊಳ್ಳಬಹುದು. ಸರಳು ಎಲ್ಲಿಗೆ ಹೋದರೂ ಆ ಇಂಪು ಜೊತೆಗೇ ಹೋಗುತ್ತದೆ.

ತೊಡಕು ಬರುವುದು ಹಾಡಿನಲ್ಲಿ ಮೋಡ ಕವಿದಾಗ. 'ಸ ಗ ಪ' ಶ್ರುತಿಯಲ್ಲಿ ಪೂರ್ಣ ಮೈನರ್ ಗುಚ್ಛ ನೆಟ್ಟಗಿನ ಸರಳಿಗೆ ಎಲ್ಲಿಯೂ ಸಿಗುವುದಿಲ್ಲ. ಸರಳನ್ನು ಓರೆಯಾಗಿ ಹಿಡಿದು ಎರಡು ಮೂರು ತಂತಿಗಳನ್ನು ಬೇರೆ ಬೇರೆ ಮೆಟ್ಟಿನಲ್ಲಿ ತಾಗಿಸಬಹುದು. ಆದರೆ ಅದು ಕತ್ತಿಯಂಚಿನ ನಡಿಗೆ. ಕೂದಲೆಳೆ ತಪ್ಪಿದರೂ ಅಪಶ್ರುತಿ. ಹಾಗಾಗಿ ವಾದಕರು ಬಿರಡೆಗಳ ಕಡೆಗೆ ತಿರುಗಿದರು.

1930ರ ದಶಕದಲ್ಲಿ ಹವಾಯಿಯ ಸೋಲ್ ಹೂಪಿ ಸಿ ಶಾರ್ಪ್ ಮೈನರ್ ಎಂಬ ಶ್ರುತಿಯನ್ನು ಬಳಕೆಗೆ ತಂದರು. ಅದೇ ದಶಕದ ಕೊನೆಯಲ್ಲಿ ಒಹಾಯೊ ರಾಜ್ಯದ ಲೈಮಾ ಊರಿನ ಜೆರಿ ಬರ್ಡ್ ಎಂಬ ತರುಣ ಇನ್ನೊಂದು ದಾರಿ ಹಿಡಿದ. 1920ರಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗ ಊರಿಗೆ ಬಂದ ಡೇರೆ ಪ್ರದರ್ಶನದಲ್ಲಿ ಹವಾಯಿ ತಂಡವನ್ನು ಕೇಳಿ ಮರುಳಾಗಿದ್ದವನು. ಈತ ನೆಲೆಗೊಳಿಸಿದ ಶ್ರುತಿಗೆ 'ಸಿ ಸಿಕ್ಸ್ತ್' ಎಂದು ಹೆಸರು. ಕೆಳಗಿನಿಂದ ಮೇಲಕ್ಕೆ ಸಿ, ಇ, ಜಿ, ಎ, ಸಿ, ಇ. ನಮ್ಮ ಲೆಕ್ಕದಲ್ಲಿ 'ಸ ಗ ಪ ದ ಸ ಗ'. ಮೋಹನ ರಾಗದಿಂದ ರಿಷಭ ತೆಗೆದಂತೆ.

ಒಂದು ಧೈವತ ಸೇರಿದ್ದರಿಂದ ಆದದ್ದೇನು? ಗ್ರಹಭೇದ ಬಲ್ಲವರಿಗೆ ಗುಟ್ಟು ಕೂಡಲೇ ಹೊಳೆಯುತ್ತದೆ. ಕೆಳಗಿನ 'ಸ ಗ ಪ' ತಂತಿಗಳನ್ನು ಮೀಟಿದರೆ ಮೇಜರ್. ಸರಳನ್ನು ಅಲುಗಿಸದೆ ಮೇಲಿನ 'ದ ಸ ಗ' ತಂತಿಗಳನ್ನು ಮೀಟಿದರೆ, ಧೈವತವೇ ಷಡ್ಜವಾಗಿ ಮೈನರ್. ಬಿಸಿಲು, ಮೋಡ ಎರಡೂ ಒಂದೇ ಮೆಟ್ಟಿನಲ್ಲಿ. ಇನ್ನೊಂದು ಚಮತ್ಕಾರ ನೋಡಿ. ಷಡ್ಜದ ಗುಚ್ಛ 12ನೆಯ ಮೆಟ್ಟಿನಲ್ಲಿದೆ. ಸರಳನ್ನು 10ಕ್ಕೆ ಇಳಿಸಿ ಅದೇ ಮೇಲಿನ ಮೂರು ತಂತಿ ಮೀಟಿದರೆ ಪಂಚಮ, ಕೈಶಿಕಿ ನಿಷಾದ, ರಿಷಭ ಬರುತ್ತವೆ. ಪಕ್ಕದಲ್ಲಿ ಬಾಸ್ ನುಡಿಸುವವನು ಷಡ್ಜವನ್ನು ಹಿಡಿದಿದ್ದರೆ, ಕೇಳುಗನ ಕಿವಿಗೆ ಅದು ಜಾಜ್ ಸಂಗೀತದ ಶ್ರೀಮಂತ ಗುಚ್ಛ. ವಾದಕ ನುಡಿಸದ ಸ್ವರವನ್ನು ಜೊತೆಗಾರ ತುಂಬಿಕೊಡುತ್ತಾನೆ. ಇನ್ನು ಕೆಳಗಿನ ಷಡ್ಜದ ತಂತಿಯನ್ನು ಅರ್ಧಸ್ವರ ಏರಿಸಿದರೆ ಕೆಳಗಿನ ನಾಲ್ಕು ತಂತಿಗಳಲ್ಲಿ ಎ ಸೆವೆಂತ್ ಗುಚ್ಛ ಸಿದ್ಧ. ಒಂದೇ ಬಿರಡೆಯ ತಿರುವು, ಹೊಸದೊಂದು ಬಾಗಿಲು.

ಆದರೆ ಬಿಟ್ಟಿಯಾಗಿ ಯಾವುದೂ ಸಿಗುವುದಿಲ್ಲ. 'ಸ ಗ ಪ' ಶ್ರುತಿಯಲ್ಲಿ ಆರೂ ತಂತಿಗಳನ್ನು ಒಮ್ಮೆಗೇ ಗೀರಿದರೆ ತುಂಬು ದನಿ. ಧೈವತ ಸೇರಿದ ಮೇಲೆ ಹಾಗೆ ಗೀರಿದರೆ ಗಟ್ಟಿ ಹಳ್ಳಿ ಹಾಡಿಗೂ ನೃತ್ಯಶಾಲೆಯ ಬಣ್ಣ ಬರುತ್ತದೆ. ಬೇಡದ ತಂತಿಯನ್ನು ಬಿಟ್ಟು ಮೀಟುವ ಹೊಣೆ ಬಲಗೈ ಮೇಲೆ ಬೀಳುತ್ತದೆ. ಹ್ಯಾಂಕ್ ವಿಲಿಯಮ್ಸ್ ಅವರ ಜೊತೆಗಾರ ಡಾನ್ ಹೆಲ್ಮ್ಸ್ 'ಇ ಸಿಕ್ಸ್ತ್' ಬಳಗದ ಶ್ರುತಿಯನ್ನು ಆರಿಸಿಕೊಂಡರು. ತುದಿಯ ತಂತಿ ಮೇಲಿನ ಗಾಂಧಾರ. 1952ರಲ್ಲಿ ಮುದ್ರಣಗೊಂಡ 'ಯುವರ್ ಚೀಟಿನ್ ಹಾರ್ಟ್' ಹಾಡಿನಲ್ಲಿ ಎದೆಗೆ ನಾಟುವ ಆ ಚೂಪು ದನಿ ಹೆಲ್ಮ್ಸ್ ಅವರದು. ಸಿ ಶ್ರುತಿಯ ಮೆತ್ತನೆಯ ದನಿಗೂ ಇದಕ್ಕೂ ಇರುವ ಅಂತರವನ್ನು ಸಂಗೀತ ಓದದವರೂ ಗುರುತಿಸಬಲ್ಲರು.

ಮನಸ್ಸು ಬಂದಂತೆ ಶ್ರುತಿ ಬದಲಿಸಲು ಉಕ್ಕಿನ ತಂತಿಯೂ ಒಪ್ಪಬೇಕು. ಡೋಬ್ರೊದ ಡಿ ತಂತಿಯನ್ನು ಸಿ ಸಿಕ್ಸ್ತ್‌ಗಾಗಿ ಇ ಮಾಡಲು ಎರಡು ಅರ್ಧಸ್ವರ ಏರಿಸಬೇಕು. ಕಂಪನದ ವೇಗ ಸುಮಾರು ಶೇಕಡಾ 12ರಷ್ಟು ಹೆಚ್ಚಿದರೆ ತಂತಿಯ ಬಿಗಿತ ಶೇಕಡಾ 26ರಷ್ಟು ಹೆಚ್ಚುತ್ತದೆ. ತಂತಿ ಹರಿಯಬಹುದು. ಹಾಗಾಗಿ ಶ್ರುತಿ ಬದಲಿಸುವವರು ತಂತಿಯ ದಪ್ಪವನ್ನೂ ಬದಲಿಸಬೇಕು. ಕಛೇರಿಯ ನಡುವೆ ಇದು ಆಗದ ಮಾತು. ಅದಕ್ಕೇ ಒಂದೇ ಪೆಟ್ಟಿಗೆಯ ಮೇಲೆ ಎರಡು, ಮೂರು, ನಾಲ್ಕು ಗಿಟಾರುಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೆ ಒಂದೊಂದು ಶ್ರುತಿ ಕೂಡಿಸಿದರು. ತೊಡೆಯ ಮೇಲಿದ್ದ ವಾದ್ಯಕ್ಕೆ ಕಾಲುಗಳು ಬಂದವು, ಅದು ಮೇಜಿನಂತಾಯಿತು.

ಕೊನೆಗೆ ಆ ಕಾಲುಗಳಿಗೆ ಪೆಡಲುಗಳೂ ಬಂದವು. ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' 1954ರಲ್ಲಿ ಜನಪ್ರಿಯತೆಯ ತುದಿಗೇರಿತು. ಅದರಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಕೆಲವು ತಂತಿ ನಿಂತಲ್ಲೇ ನಿಂತಿರಲು ಉಳಿದವು ಬಾಗಿ ಬೇರೆ ಗುಚ್ಛ ಸೇರಿದವು. ನ್ಯಾಶ್‌ವಿಲ್ ನಗರದ ಸ್ಟುಡಿಯೊಗಳು ಆ ದನಿಗೆ ಮಾರುಹೋದವು. ಪೆಡಲ್ ಇಲ್ಲದವರ ವಾದ್ಯ ಹಳೆಯದೆನಿಸಿತು. ಆದರೂ ಬರ್ಡ್ ಮತ್ತು ಹೆಲ್ಮ್ಸ್ ಪೆಡಲಿಗೆ ಒಲಿಯಲಿಲ್ಲ. ಒಂದು ಶ್ರುತಿಯ ಮಿತಿಯೊಳಗೆ ಓರೆ ಸರಳಿನಿಂದ ಸ್ವರ ಹೊರಡಿಸುವುದರಲ್ಲೇ ಅವರ ಬದುಕು, ಅವರ ಹಟ. ಇಂದಿನ ಪೆಡಲ್ ಸ್ಟೀಲಿನಲ್ಲೂ ಎರಡನೆಯ ಸಾಲಿನ ಶ್ರುತಿ ಅದೇ ಸಿ ಸಿಕ್ಸ್ತ್ ಎಂಬುದು ಆ ಹಟಕ್ಕೆ ಸಂದ ಗೌರವ.

ಇಲ್ಲಿ ನಮ್ಮ ದೇಶದ ಮಾತೂ ಬರುತ್ತದೆ. ಹವಾಯಿ ಸಂಗೀತದ ಟಾವ್ ಮೊಯೆ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿತ್ತು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಈ ಗಿಟಾರಿನಲ್ಲಿ ಹಿಂದುಸ್ತಾನಿ ರಾಗಗಳನ್ನು ಅರಳಿಸಿದರು. 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಅವರ ನಾದವಿದೆ. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ರಾಗ ಸಂಗೀತಕ್ಕೆ ಸ್ವರಗುಚ್ಛ ಬೇಕಿಲ್ಲ. ಷಡ್ಜ ಪಂಚಮದ ಆಧಾರವಿದ್ದರೆ ಆಯಿತು, ಜಾರುವ ಸರಳೇ ಗಮಕ. ಕಂಟ್ರಿ ವಾದಕರನ್ನು ಕಾಡಿದ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ. ವಾದ್ಯ ಒಂದೇ ಆದರೂ ಕೇಳುವ ಕಿವಿ ಬೇರೆಯಾದರೆ ಶ್ರುತಿಯ ಅಗತ್ಯವೂ ಬೇರೆಯಾಗುತ್ತದೆ.

ಜೆರಿ ಬರ್ಡ್ 1972ರಲ್ಲಿ ನ್ಯಾಶ್‌ವಿಲ್ ಬಿಟ್ಟು ಹವಾಯಿಗೆ ಹೋಗಿ ನೆಲೆಸಿದರು. ಅಷ್ಟು ಹೊತ್ತಿಗೆ ತವರಿನಲ್ಲೇ ಈ ವಾದ್ಯ ಕಲಿಯುವ ಹುಡುಗರು ವಿರಳವಾಗಿದ್ದರು. ಅವರು ಹವಾಯಿಯ ಯುವಕರನ್ನು ಕೂರಿಸಿಕೊಂಡು ಪಾಠ ಹೇಳಿದರು. ಅವರ ಶಿಷ್ಯ ಅಲನ್ ಅಕಾಕ ಮುಂದೆ ತಾವೇ ಹೆಸರಾಂತ ಗುರುವಾದರು. ಒಂದು ಕಾಲಕ್ಕೆ ಮನೆಯ ಆಚೆಗೆ ಬಿಟ್ಟುಕೊಡದ ಶ್ರುತಿಗಳ ನಾಡು ಅದು. ಅಲ್ಲಿಂದ ಹೊರಟ ವಿದ್ಯೆಯನ್ನು ಹೊರಗಿನವನೊಬ್ಬ ಕಲಿತು, ಬೆಳೆಸಿ, ಮುಚ್ಚಿಡದೆ ಅಲ್ಲಿಗೇ ತಂದು ಒಪ್ಪಿಸಿದ. ಬರ್ಡ್ 2005ರಲ್ಲಿ ಹೊನೊಲುಲುವಿನಲ್ಲಿ ಕಣ್ಣುಮುಚ್ಚಿದರು. ಮುಚ್ಚಿಟ್ಟ ಶ್ರುತಿ ವಾದಕನೊಂದಿಗೇ ಹೋಗುತ್ತದೆ, ಹೇಳಿಕೊಟ್ಟದ್ದು ಮಾತ್ರ ಉಳಿಯುತ್ತದೆ. ನಮ್ಮ ಊರಿನ ವಾದ್ಯಗಳ ವಿಷಯದಲ್ಲೂ ಈ ಮಾತು ನೆನಪಿರಲಿ.