ಇಟ್ಟ ಹೆಸರು, ಕರೆಯುವ ಹೆಸರು

ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳತಿರುಳು ಒಂದು ತಂತ್ರಾಂಶ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಶುರುಮಾಡಿದರು. ಅದರ ಹೆಸರು ಲಿನಕ್ಸೋ, ಲೈನಕ್ಸೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಲೈನಕ್ಸ್ ಎನ್ನುವವರ ವಾದ ಪೊಳ್ಳಲ್ಲ: ಹೆಸರು ಹುಟ್ಟಿದ್ದೇ ಲಿನಸ್ ಎಂಬುದರಿಂದ, ಇಂಗ್ಲಿಷ್ ಬಾಯಲ್ಲಿ ಅದು ಲೈನಸ್. ಆದರೆ ಟೋರ್ವಾಲ್ಡ್ಸ್ ಅವರದು ಫಿನ್ಲೆಂಡಿನ ಸ್ವೀಡಿಷ್ ಮನೆಮಾತು. ಅಲ್ಲಿ ಅವರ ಹೆಸರು ಲೀನುಸ್ ಎಂಬುದಕ್ಕೆ ಹತ್ತಿರ. ಐಕಾರದ ಸುಳಿವೇ ಇಲ್ಲ. 1992ರಲ್ಲೇ ಅವರು, ತಂತ್ರಾಂಶದ ಹೆಸರಿನಲ್ಲಿರುವುದು 'ಪ್ರಿಂಟ್' ಪದದಲ್ಲಿರುವ ಇಕಾರ, 'ಪುಟ್' ಪದದಲ್ಲಿರುವ ಉಕಾರ ಎಂದು ಬಿಡಿಸಿ ಹೇಳಿದ್ದರು. ಮುಂದೆ ತಮ್ಮ ದನಿಯಲ್ಲೇ ಆ ಹೆಸರನ್ನು ಧ್ವನಿಮುದ್ರಿಸಿ ಹಂಚಿದರು. ಇಂಗ್ಲಿಷ್ ಕಾಗುಣಿತ ಮುಚ್ಚಿಡುವ ಈ ಉಚ್ಚಾರವನ್ನು ಕನ್ನಡ ಲಿಪಿ ನೇರವಾಗಿ ತೋರಿಸಬಲ್ಲದು: ಲಿನುಕ್ಸ್. ನಾವು ರೂಢಿಯಲ್ಲಿ ಬರೆಯುವ ಲಿನಕ್ಸ್ ಕೂಡ ಅದಕ್ಕೆ ಒಂದು ಸ್ವರದಷ್ಟೇ ದೂರ.

ಪದ ಆಡುವವರದು, ಇಟ್ಟವರದಲ್ಲ ಎಂಬ ಆಕ್ಷೇಪವಿದೆ. ಸಾಮಾನ್ಯ ಪದಗಳಿಗೆ ಅದು ಒಪ್ಪುವ ಮಾತೇ. ಲ್ಯಾಂಟರ್ನನ್ನು ನಾವು ಲಾಟೀನು ಮಾಡಿಕೊಂಡಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಂಕಿತನಾಮದ ಹಿಂದೆ ಮಾತ್ರ ಒಬ್ಬ ಮನುಷ್ಯ, ಒಂದು ಮನೆ, ಒಂದು ಭಾಷೆ ಇರುತ್ತದೆ. ಬೆಂಗಳೂರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯಬೇಕೆಂದು ಕೇಳಿ, 2014ರ ನವೆಂಬರ್ 1ರಿಂದ ಅದನ್ನು ಪಡೆದವರು ನಾವು. ನಮ್ಮ ಊರಿಗೆ ಬೇಡಿದ ಮರ್ಯಾದೆಯನ್ನು ಇನ್ನೊಬ್ಬರ ಹೆಸರಿಗೆ ಕೊಡದಿರುವುದು ಹೇಗೆ? ಇನ್ನು ಮುಂದೆ ಲಿನುಕ್ಸ್ ಎನ್ನಿ. ಲೈನಕ್ಸ್ ಎಂದವರನ್ನು ತಿದ್ದುವಾಗ ದನಿ ಮೆತ್ತಗಿರಲಿ.